ಬಂಗು ಮತ್ತು ಅತ್ತೆಯ ಕೊಡೆ

ಮೊನ್ನೆ ಬೆಳಿಗ್ಗೆ ಮನೆಯಲ್ಲಿ ನಿಂಬೆಹಣ್ಣಿನ ವಾಸನೆ ಎದ್ದಿತು. ಚಿತ್ರಾನ್ನ ಮಾಡಿದ ದಿನವಲ್ಲ, ಉಪ್ಪಿನಕಾಯಿ ಹಾಕುವ ಕಾಲವೂ ಅಲ್ಲ. ವಾಸನೆ ಬಂದ ಕಡೆಗೆ ಎದ್ದು ಹೋದೆ. ನೋಡಿದರೆ ಮೊಮ್ಮಗಳು ಸಿಂಧು ಒಂದು ಕೈಯಲ್ಲಿ ಮೊಬೈಲು ಹಿಡಿದು, ಇನ್ನೊಂದು ಕೈಯಲ್ಲಿ ಅರ್ಧ ಹೋಳು ನಿಂಬೆಹಣ್ಣನ್ನು ಕೆನ್ನೆಗೆ ತಿಕ್ಕಿಕೊಳ್ಳುತ್ತ ತಾರಸಿಯ ಮೆಟ್ಟಿಲು ಹತ್ತುತ್ತಿದ್ದಾಳೆ.

"ಏ! ನಿಲ್ಲೇ ಅಲ್ಲಿ!" ಎಂದು ನಾನು ಕೂಗಿದ ಕೂಗಿಗೆ ಪಕ್ಕದ ಮನೆಯ ನಾಯಿ ಬೊಗಳತೊಡಗಿತು.

"ಅಜ್ಜೀ, ಜೀವ ಬಾಯಿಗೆ ಬಂತು ನಂದು. ಹಚ್ಕೊಂಡಿರೋದು ನಿಂಬೆಹಣ್ಣು, ವಿಷ ಅಲ್ಲ."

"ಎಲ್ಲಿಗೆ ಹೊರಟೆ?"

"ಬಿಸಿಲಿಗೆ. ಹಚ್ಕೊಂಡು ಸ್ವಲ್ಪ ಹೊತ್ತು ಬಿಸಿಲಲ್ಲಿ ಕೂತ್ರೆ ಮೊಡವೆ ಕಲೆ ಬೇಗ ಹೋಗುತ್ತಂತೆ. ಇದ್ರಲ್ಲಿ ತೋರಿಸಿದ್ದಾರೆ."

ನಿಂಬೆಹಣ್ಣು, ಬಿಸಿಲು, ಕೆನ್ನೆ: ಈ ಮೂರೂ ಒಂದೆಡೆ ಸೇರಿದ್ದನ್ನು ನಾನು ಕಂಡು ಅರವತ್ತು ವರ್ಷದ ಮೇಲಾಯಿತು. ಅವಳನ್ನು ರಟ್ಟೆ ಹಿಡಿದು ಕೆಳಗಿಳಿಸಿ, ತಣ್ಣೀರಲ್ಲಿ ಮುಖ ತೊಳೆಸಿದೆ. ಸಿಂಧು ಮುಖ ಊದಿಸಿಕೊಂಡು ಕೂತಳು. ಅವಳನ್ನು ಕೂರಿಸಿಕೊಂಡು ಹೇಳಿದ್ದನ್ನೇ ನಿಮಗೂ ಹೇಳಿಬಿಡುತ್ತೇನೆ. ನಿಮ್ಮ ಮನೆಯಲ್ಲೂ ಮೊಬೈಲು ಇರುತ್ತದೆ, ನಿಂಬೆಹಣ್ಣಂತೂ ಇದ್ದೇ ಇರುತ್ತದೆ.

ನಾನು ಹುಟ್ಟಿದ್ದು ಶಿಕಾರಿಪುರದಲ್ಲಿ, ಕೊಟ್ಟಿದ್ದು ಸೊರಬ ತಾಲ್ಲೂಕಿನ ಆನವಟ್ಟಿಯ ಹತ್ತಿರದ ಒಂದು ಹಳ್ಳಿಗೆ. ಏಕೀಕರಣವಾಗಿ ಎರಡೋ ಮೂರೋ ವರ್ಷವಾಗಿದ್ದ ಕಾಲ ಅದು. ಬಣ್ಣದಲ್ಲಿ ನಾನು ಎಣ್ಣೆಗಪ್ಪು. ಅದರ ಬಗ್ಗೆ ನನಗೆ ಬೇಸರವೇನೂ ಇರಲಿಲ್ಲ, ಬದಲಿಗೆ ಸ್ವಲ್ಪ ಜಂಬವೇ ಇತ್ತು. ಮುಖದ ಮೇಲೆ ಒಂದು ಚುಕ್ಕೆ ಇರಲಿಲ್ಲ ನೋಡಿ. ಮದುವೆಯಾಗಿ ಬಂದ ಹೊಸದರಲ್ಲಿ ನೀರು ಸೇದಲು ಹೋದಾಗ ಬಾವಿಯೊಳಗೆ ಬಗ್ಗಿ ಒಮ್ಮೆ ಮುಖ ನೋಡಿಕೊಂಡೇ ಕೊಡ ಇಳಿಸುತ್ತಿದ್ದೆ. ನನ್ನ ಹಿಂದೆ ನಿಂತವರು ಗೊಣಗುತ್ತಿದ್ದರು.

ಮೊದಲನೆಯ ಮಗ ಹೊಟ್ಟೆಯಲ್ಲಿದ್ದಾಗ ಎರಡೂ ಕೆನ್ನೆಯ ಮೇಲೆ ಬಂಗು ಎದ್ದಿತು. ಬಂಗು ಎಂದರೆ ಗೊತ್ತಲ್ಲ? ನೋವಿಲ್ಲ, ಕಡಿತವಿಲ್ಲ, ಯಾರೋ ಮಸಿಗೈಯಲ್ಲಿ ಕೆನ್ನೆ ಸವರಿ ಹೋದ ಹಾಗೆ ಕಪ್ಪಗೆ ಕೂತುಬಿಡುತ್ತದೆ. ಹೆರಿಗೆಯಾದ ಮೇಲೆ ತಾನೇ ಹೋಗುತ್ತದೆ ಎಂದರು. ಮಗ ಹುಟ್ಟಿದ, ಅಂಬೆಗಾಲಿಟ್ಟ, ನನ್ನ ಕೆನ್ನೆಯ ಮಸಿ ಮಾತ್ರ ಕದಲಲಿಲ್ಲ. ಬಾವಿಯೊಳಗೆ ಬಗ್ಗುವುದನ್ನು ನಿಲ್ಲಿಸಿದೆ. ಆಮೇಲೆ ಜನ ಸೇರುವ ಹೊತ್ತಿಗೆ ಬಾವಿಗೆ ಹೋಗುವುದನ್ನೇ ನಿಲ್ಲಿಸಿದೆ.

ಅಷ್ಟರಲ್ಲಿ ತವರಿನಿಂದ ಸುದ್ದಿ ಬಂತು. ನನ್ನ ಒಬ್ಬನೇ ತಮ್ಮನಿಗೆ ಹೆಣ್ಣು ಗೊತ್ತಾಗಿದೆ, ಬರುವ ಮಾಘಕ್ಕೆ ಮದುವೆ. ಇದ್ದೊಬ್ಬ ಅಕ್ಕ ನಾನು, ಕಳಶಗಿತ್ತಿಯಾಗಿ ಕಳಶ ಹಿಡಿದು ಮದುಮಗನ ಪಕ್ಕ ನಿಲ್ಲಬೇಕಾದವಳು ನಾನೇ. ಶಿಕಾರಿಪುರದ ನಮ್ಮ ಬೀದಿಗೆ ಬೀದಿಯೇ ಎದುರು ನಿಂತು ನನ್ನ ಮುಖ ನೋಡುವ ದಿನ ಅದು. ನಾನು ಅಡುಗೆಮನೆಯ ಕತ್ತಲೆ ಮೂಲೆಯಲ್ಲಿ ಕೂತು, "ನಾನು ಹೋಗಲ್ಲ" ಎಂದು ಅತ್ತುಬಿಟ್ಟೆ. ಅಳುತ್ತಿದ್ದ ನನ್ನನ್ನು ಕಂಡವರು ನಮ್ಮತ್ತೆ.

ಅವರ ಹೆಸರು ಹಾಲಮ್ಮ. ಹೆಸರಿಗಷ್ಟೇ ಹಾಲು, ಬಣ್ಣದಲ್ಲಿ ನನಗಿಂತ ಒಂದು ಕೈ ಮುಂದು. ಅತ್ತೆ ಎಂದರೆ ಹೀಗಿರುತ್ತಾರೆ ಎಂದು ತವರಿನಲ್ಲಿ ನನಗೆ ಹೆದರಿಸಿ ಕಳಿಸಿದ್ದರಲ್ಲ, ಅದರಲ್ಲಿ ಒಂದೂ ಇವರಿಗೆ ಹೊಂದುತ್ತಿರಲಿಲ್ಲ. ಮಾತು ಒರಟು, ನಿಜ. ಆದರೆ ಬೈಯುತ್ತಲೇ ನನ್ನ ತಟ್ಟೆಗೆ ಇನ್ನೊಂದು ಮಿಳ್ಳೆ ತುಪ್ಪ ಬಿದ್ದಿರುತ್ತಿತ್ತು. ಊರಲ್ಲಿ ಅವರಿಗೆ ಇದ್ದ ದೊಡ್ಡ ಹೆಸರು ಕರೆ ತೆಗೆಯುವುದರಲ್ಲಿ. ಬಟ್ಟೆಯ ಮೇಲಿನ ಕರೆ ಕಣ್ರೀ: ಬಾಳೆಯ ಕರೆ, ಅಡಿಕೆ ಬೇಯಿಸಿದ ಚೊಗರಿನ ಕರೆ, ಕಬ್ಬಿಣದ ತುಕ್ಕು. ನಿಂಬೆಹಣ್ಣು ಕೊಯ್ದು ಉಪ್ಪಿನಲ್ಲಿ ಅದ್ದಿ ಕರೆಯ ಮೇಲೆ ತಿಕ್ಕುವುದು, ಸುಡುಬಿಸಿಲಿಗೆ ಹರವುವುದು, ಒಣಗಿದ ಹಾಗೆ ಮತ್ತೆ ಹಚ್ಚುವುದು. ಆನವಟ್ಟಿಯಿಂದಲೂ ಧಾರೆ ಸೀರೆ ಹೊತ್ತುಕೊಂಡು ಇವರನ್ನು ಹುಡುಕಿ ಬರುತ್ತಿದ್ದರು. ಯಾರಿಂದಲೂ ಏನನ್ನೂ ಮುಟ್ಟುತ್ತಿರಲಿಲ್ಲ. "ಹಾಲಮ್ಮನ ಕೈ" ಎಂದು ಒಂದು ಮಾತು ಬಿದ್ದರೆ ಸಾಕು, ಆ ದಿನ ಮನೆಗೆಲ್ಲ ಪಾಯಸ.

ಅವತ್ತು ಅವರು ನನ್ನ ಗದ್ದ ಹಿಡಿದು ಎಬ್ಬಿಸಿ ಬಾಗಿಲ ಬೆಳಕಿಗೆ ತಿರುಗಿಸಿದರು. ಸೀರೆಯ ಸೆರಗನ್ನು ಹೇಗೆ ನೋಡುತ್ತಿದ್ದರೋ ಹಾಗೆಯೇ, ಕಣ್ಣು ಕಿರಿದು ಮಾಡಿ, ಹೆಬ್ಬೆರಳಲ್ಲಿ ಒಂದು ಸಲ ಉಜ್ಜಿ ನೋಡಿದರು.

"ಹಳೇ ಕರೆ ಅಲ್ಲ ಇದು. ಹೋಗ್ತೈತೆ" ಎಂದರು.

"ಅತ್ತೆ, ಇದು ಮುಖ."

"ಮುಖ ಅಂತ ಗೊತ್ತೈತೆ ಮಾರಾಯ್ತಿ, ಕಣ್ಣೈತೆ ನಂಗೆ. ಉಪ್ಪು ಹಾಕಲ್ಲ, ಹೆದರಬ್ಯಾಡ."

ಉಪ್ಪು ಹಾಕಲಿಲ್ಲ ಎಂಬುದೇ ಅವರು ಮುಖಕ್ಕೂ ಬಟ್ಟೆಗೂ ಮಾಡಿದ ವ್ಯತ್ಯಾಸ. ಯುಗಾದಿ ಕಳೆದ ಬಿಸಿಲು. ಹಿತ್ತಲಿನ ಕಣದಲ್ಲಿ ಮಣೆ ಹಾಕಿ ಕೂರಿಸಿದರು. ಹೋಳು ಹಿಡಿದು ಎರಡೂ ಕೆನ್ನೆ ತಿಕ್ಕಿದರು. "ಸೆರಗು ತೆಗಿ, ಬಿಸಿಲು ನೆಟ್ಟಗೆ ಬೀಳ್ಬೇಕು" ಎಂದರು. ನಾನು ಸೂರ್ಯನಿಗೆ ಮುಖ ಒಡ್ಡಿ ಕಣ್ಣು ಮುಚ್ಚಿ ಕೂತೆ. ಉರಿ ಹತ್ತಿತು. ಉರಿ ಎಂದೆ. "ಉರಿದ್ರೆ ಕರೆ ಬಿಡ್ತಾ ಐತೆ ಅಂತ ಲೆಕ್ಕ, ತಡ್ಕಾ" ಎಂದರು. ತಡೆದುಕೊಂಡೆ. ಯಾರಾದರೂ ನೋಡಿದ್ದರೆ ಹಾಲಮ್ಮ ಸಂಡಿಗೆಯ ಜೊತೆ ಸೊಸೆಯನ್ನೂ ಒಣಗಲು ಹಾಕಿದ್ದಾಳೆ ಎನ್ನುತ್ತಿದ್ದರು. ಮಾರನೆಯ ದಿನವೂ ಹಚ್ಚಿದರು, ಅದರ ಮಾರನೆಯ ದಿನವೂ.

ಆಮೇಲೆ ಒಂದು ಬೆಳಿಗ್ಗೆ ಕೆನ್ನೆ ಬೊಬ್ಬೆ ಎದ್ದಿತ್ತು. ಬೊಬ್ಬೆ ಒಡೆದು ಒಣಗಿ ಸಿಪ್ಪೆ ಬಿದ್ದಾಗ ಕೆಳಗಿದ್ದದ್ದು ಇನ್ನೂ ಕಪ್ಪು. ಮೊದಲು ಮಸಿ ಸವರಿದ ಹಾಗಿದ್ದದ್ದು ಈಗ ಬಾಣಲೆಯ ತಳದ ಹಾಗಾಗಿತ್ತು, ನಿಂಬೆರಸ ಇಳಿದು ಹೋದ ದಾರಿಯಲ್ಲಿ ಗದ್ದದವರೆಗೂ ಗೆರೆ. ಕನ್ನಡಿ ನೋಡಿ ನಾನು ಕಿರುಚಿದೆ. ಮಗು ಹೆದರಿ ಅಳತೊಡಗಿತು. ಅತ್ತೆ ಮಗುವನ್ನು ಎತ್ತಿಕೊಂಡರು, ನನ್ನ ಮುಖ ನೋಡಿದರು, ಹಾಗೇ ಹಿತ್ತಲಿಗೆ ಹೋದರು.

ಅವತ್ತು ಸಂಜೆ ಎದುರು ಮನೆಯ ಚೌಡಕ್ಕ ಕರೆಯಾದ ಸೀರೆ ತಂದಳು. "ಹಾಲಮ್ಮ, ಇದೊಂದು ತೆಗೆದುಕೊಡೇ."

"ನಂಗೆ ಬರಾದಿಲ್ಲ" ಎಂದರು ಅತ್ತೆ.

"ಎಂಥದು ಬರಾದಿಲ್ಲ? ನಿಂಗೆ?"

"ಬರಾದಿಲ್ಲ ಅಂದ್ನಲ್ಲ. ತಗಂಡು ಹೋಗು."

ಆಮೇಲೆ ಬದುಕಿದ್ದಷ್ಟು ಕಾಲವೂ ಅವರು ಇನ್ನೊಬ್ಬರ ಬಟ್ಟೆಯ ಕರೆ ತೆಗೆಯಲಿಲ್ಲ. ಮುಖ ಕೆಟ್ಟಿದ್ದಕ್ಕೆ ನನಗೆ ಎಷ್ಟು ಸಿಟ್ಟಿತ್ತೋ, ಚೌಡಕ್ಕನನ್ನು ಹಾಗೆ ವಾಪಸು ಕಳಿಸಿದ ಅತ್ತೆಯನ್ನು ಕಂಡಾಗ ಅದೆಲ್ಲ ಕರಗಿಹೋಯಿತು. ಹೋಗಿ ಪಕ್ಕದಲ್ಲಿ ಕೂತೆ. ಅವರು ನನ್ನ ಕಡೆ ತಿರುಗಲಿಲ್ಲ.

ಚೌಡಕ್ಕ ಸುಮ್ಮನಿರುವವಳಲ್ಲ. ಗೇರೆಣ್ಣೆ ಹಚ್ಚಿದರೆ ಚರ್ಮ ಸುಲಿದು ಹೊಸದು ಬರುತ್ತದೆ ಎಂದಳು. ಆನವಟ್ಟಿ ಸಂತೆಗೆ ಬರುವ ಮದ್ದಿನವನ ಹತ್ತಿರ ಬಿಳಿ ಮುಲಾಮಿದೆ, ವಾರದಲ್ಲಿ ಕಾಗೆಯನ್ನೂ ಕೊಕ್ಕರೆ ಮಾಡುತ್ತಾನೆ ಎಂದಳು. ಮೊದಲಾಗಿದ್ದರೆ ಅತ್ತೆ ಹೌದೇನೇ ಎಂದು ಕಿವಿ ನೆಟ್ಟಗೆ ಮಾಡುತ್ತಿದ್ದರು. ಈಗ ಮಾತ್ರ, "ಇನ್ನು ಗೊತ್ತಿದ್ದೋರ ಹತ್ರ ಕೇಳದೆ ಒಂದು ಹನಿ ನೀರೂ ಹಚ್ಚಲ್ಲ" ಎಂದು ಎದ್ದರು. ಮರುದಿನ ನನ್ನನ್ನು ಗಾಡಿಯಲ್ಲಿ ಆನವಟ್ಟಿಗೆ ಕರೆದೊಯ್ದು, ಅಲ್ಲಿಂದ ಶಿರಾಳಕೊಪ್ಪದ ಮೇಲೆ ಬಸ್ಸಿನಲ್ಲಿ ಶಿಕಾರಿಪುರದ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ದಾರಿಯುದ್ದಕ್ಕೂ ನಾನು ಸೆರಗು ಮೂಗಿನವರೆಗೆ ಎಳೆದುಕೊಂಡಿದ್ದೆ. ತವರಿನ ಬೀದಿ ತಪ್ಪಿಸಿ ಸುತ್ತು ಹಾಕಿ ಹೋದೆವು. ನನ್ನ ಊರಲ್ಲೇ ನಾನು ಕಳ್ಳಿಯ ಹಾಗೆ ನಡೆದೆ.

ಡಾಕ್ಟರು ಚಿಕ್ಕ ವಯಸ್ಸಿನವರು, ಅವರದೂ ನಮ್ಮದೇ ಬಣ್ಣ. ಒಲೆಯ ಉರಿ ತಾಗಿತು ಎನ್ನೋಣ ಎಂದು ನಾನು ದಾರಿಯಲ್ಲೇ ಅತ್ತೆಗೆ ಹೇಳಿಕೊಟ್ಟಿದ್ದೆ. ಅವರು ಮಾತ್ರ ಕೂತಿದ್ದ ಜನವೆಲ್ಲ ಕೇಳುವ ಹಾಗೆ, "ನಾನೇ ಮಾಡಿದ್ದು ಸ್ವಾಮಿ. ನಿಂಬೆಹಣ್ಣು ತಿಕ್ಕಿ ಬಿಸಿಲಿಗೆ ಕೂರ್ಸಿದ್ದೆ. ಬೈಯೋದಿದ್ರೆ ನನ್ನ ಬೈರಿ" ಎಂದುಬಿಟ್ಟರು.

ಡಾಕ್ಟರು ಬೈಯಲಿಲ್ಲ. "ಬಟ್ಟೆ ಮೇಲಿನ ಕಲೆ ಹೊರಗಿಂದ ಬಂದಿದ್ದು ಅಮ್ಮ, ತೊಳೆದ್ರೆ ಹೋಗುತ್ತೆ. ಇದು ಚರ್ಮನೇ ಒಳಗೆ ಮಾಡ್ಕೊಂಡಿರೋ ಬಣ್ಣ. ನಮ್ಮಂಥ ಕಪ್ಪು ಚರ್ಮ ಇದೆಯಲ್ಲ, ಅದಕ್ಕೆ ಗಾಯ ಆದ್ರೆ, ಉಜ್ಜಿದ್ರೆ, ಸುಟ್ರೆ ಇನ್ನಷ್ಟು ಬಣ್ಣ ಮಾಡ್ಕೊಳುತ್ತೆ. ನಿಂಬೆರಸಕ್ಕೆ ಬಿಸಿಲು ಬಿದ್ರಂತೂ ಸುಟ್ಟೇ ಹೋಗುತ್ತೆ" ಎಂದರು.

"ಸಂತೆ ಮುಲಾಮು?"

"ಮುಟ್ಟಬೇಡಿ. ಕೆಲವದ್ರಲ್ಲಿ ಪಾದರಸ ಹಾಕಿರ್ತಾರೆ. ಮೊದಲು ಬೆಳ್ಳಗಾದ ಹಾಗೆ ಕಾಣುತ್ತೆ, ಆಮೇಲೆ ಮೈಯೇ ಹಾಳು. ಮಗುಗೆ ಹಾಲು ಕುಡಿಸೋರು ಬೇರೆ."

ಒಡೆದ ಕಡೆ ಹಚ್ಚಲು ಒಂದು ತಣ್ಣನೆಯ ಮುಲಾಮು ಕೊಟ್ಟರು, ಅದನ್ನೂ ಮೊದಲು ಕಿವಿಯ ಹಿಂದೆ ಚೂರು ಹಚ್ಚಿ ಒಂದು ದಿನ ನೋಡಿ ಎಂದರು. ಉಜ್ಜಬೇಡಿ, ಸಿಪ್ಪೆ ಕೀಳಬೇಡಿ, ಎಲ್ಲಕ್ಕಿಂತ ಮೊದಲು ಬಿಸಿಲು ಬೀಳದ ಹಾಗೆ ನೋಡಿಕೊಳ್ಳಿ, ತಿಂಗಳುಗಟ್ಟಲೆ ಬೇಕು, ಪೂರ್ತಿ ಹೋಗುತ್ತೆ ಎಂದು ನಾನು ಮಾತು ಕೊಡುವುದಿಲ್ಲ, ತಿಳಿಯಾಗುತ್ತೆ ಎಂದರು. ಅತ್ತೆ ಇದನ್ನೆಲ್ಲ ಮಂತ್ರ ಕೇಳಿಸಿಕೊಂಡ ಹಾಗೆ ಕೇಳಿ, ಕೊನೆಗೆ, "ಮಾಘದೊಳಗೆ ಆಗ್ತೈತಾ?" ಎಂದರು. ಡಾಕ್ಟರು ನಕ್ಕು, "ನೆರಳಿನ ಕೈಯಲ್ಲಿದೆ ಅಮ್ಮ" ಎಂದರು.

ನೆರಳು ತಾನೆ, ಅದಕ್ಕೇನು ಬರ ಎಂದುಕೊಂಡಿರಾ? ಹಳ್ಳಿಯ ಹೆಂಗಸಿನ ಕೆಲಸವೆಲ್ಲ ಬಿಸಿಲಲ್ಲೇ: ಬಾವಿ, ಕಣ, ಗದ್ದೆ, ಹೊಳೆ. ಅತ್ತೆ ಮೊದಲು ಮಾಡಿದ್ದು ಅಟ್ಟದಿಂದ ಗೊರಬು ಇಳಿಸಿದ್ದು. ಮಳೆಯಲ್ಲಿ ನಾಟಿ ಮಾಡುವಾಗ ಹೆಂಗಸರು ತಲೆಯಿಂದ ಬೆನ್ನಿನವರೆಗೆ ಹೊದೆಯುವ ಎಲೆಯ ಹೊದಿಕೆ ಅದು. ಬೇಸಿಗೆಯ ಮಟಮಟ ಮಧ್ಯಾಹ್ನ ನಾನು ಗೊರಬು ಹೊದ್ದು ಬಾವಿಗೆ ಹೊರಟರೆ, ಊರ ದನಗಳೂ ಮೇಯುವುದು ಬಿಟ್ಟು ನೋಡಿದವು. ಬೆವರಿ ಬೆಂದು ಬಂದವಳನ್ನು ಕಂಡು ಅತ್ತೆ ಗೊರಬನ್ನು ಅಟ್ಟಕ್ಕೆಸೆದು, ಗೂಟದಲ್ಲಿದ್ದ ಮಾವನ ಕೊಡೆಗೆ ಕೈ ಹಾಕಿದರು. ಬೆತ್ತದ ಹಿಡಿಯ ಕಪ್ಪು ಕೊಡೆ, ಮಾವ ಅದನ್ನು ಸೊರಬದ ಕಚೇರಿಗೆ ಹೋಗುವ ದಿನವಷ್ಟೇ ಬಿಚ್ಚುತ್ತಿದ್ದರು.

"ಅದು ನಂದು ಕಣೇ" ಎಂದರು ಮಾವ.

"ಆಗಿತ್ತು" ಎಂದರು ಅತ್ತೆ.

ಕೊಡ ಹೊತ್ತವಳು ಕೊಡೆ ಹಿಡಿಯುವುದು ಹೇಗೆ? ಒಂದು ಕೈ ಕೊಡಕ್ಕೆ, ಇನ್ನೊಂದು ಹಗ್ಗಕ್ಕೆ. ಹಾಗಾಗಿ ಹಿಡಿದವರು ಅತ್ತೆ. ನಾನು ಮುಂದೆ, ಒಂದು ಹೆಜ್ಜೆ ಹಿಂದೆ ಅವರು, ನನ್ನ ತಲೆಯ ಮೇಲೆ ಕೊಡೆ. ನಾನು ಭತ್ತ ಹರವಿದರೆ ಕಣದಲ್ಲೂ ಕೊಡೆ, ಬಟ್ಟೆ ಒಗೆದರೆ ಹೊಳೆಯಲ್ಲೂ ಕೊಡೆ. ನನಗಂತೂ ನಾಚಿಕೆಯಿಂದ ಪ್ರಾಣ ಹೋಗುತ್ತಿತ್ತು. ಬಂಗು ನೋಡಿ ನಗದಿದ್ದವರೂ ಈಗ ಬಿದ್ದು ಬಿದ್ದು ನಕ್ಕರು.

"ಏನೇ ಹಾಲಮ್ಮ, ಸೊಸೆನ ಪಲ್ಲಕ್ಕೀಲಿ ಕೂರ್ಸೋದೊಂದು ಬಾಕಿ" ಎಂದಳು ಚೌಡಕ್ಕ.

"ಪಲ್ಲಕ್ಕಿ ಇದ್ದಿದ್ರೆ ಕೂರಿಸ್ತಿದ್ದೆ. ಕೊಡೆ ಐತೆ, ಹಿಡಿದೀನಿ. ಹಿಡ್ಕಂಡಿರೋಳು ನಾನು, ನಿಂಗೇನು ಕೈ ನೋವಾ?"

ಮಳೆಗಾಲ ಬಂತು, ಹೋಯಿತು. ದೀಪಾವಳಿಯ ಹೊತ್ತಿಗೆ ಗದ್ದದ ಗೆರೆ ಮಾಯವಾಗಿತ್ತು. ಸುಟ್ಟ ಕಪ್ಪು ತಿಳಿಯಾಗುತ್ತ ಬಂತು. ಅತ್ತೆ ವಾರಕ್ಕೊಮ್ಮೆ ಗದ್ದ ಹಿಡಿದು ಬೆಳಕಿಗೆ ತಿರುಗಿಸಿ ನೋಡುವರು, ಬೆರಳು ಮಾತ್ರ ಸೋಕಿಸುತ್ತಿರಲಿಲ್ಲ. ಆದರೂ ಮಾಘ ಬಂದಾಗ ಕೆನ್ನೆಯ ಮೇಲೆ ಹಳೆಯ ಬಂಗು ಮಾಸಲಾಗಿ ಉಳಿದೇ ಇತ್ತು. ಹೊರಡುವ ಬೆಳಿಗ್ಗೆ ನಾನು ಮತ್ತೆ ಅಡುಗೆಮನೆಯ ಅದೇ ಮೂಲೆಯಲ್ಲಿ ಕೂತೆ.

"ಇನ್ನೂ ಹೋಗಿಲ್ಲ ಅತ್ತೆ. ನಾನು ಬರಲ್ಲ. ಕಳಶ ಯಾರಾದ್ರೂ ಹಿಡೀಲಿ."

ಅತ್ತೆ ನನ್ನೆದುರು ಕುಕ್ಕರುಗಾಲಲ್ಲಿ ಕೂತರು. "ಹುಡುಗಿ, ಇಷ್ಟು ದಿನ ಕೊಡೆ ಹಿಡಿದದ್ದು ಯಾಕೆ? ನೀನು ಹೀಗೆ ಮೂಲೆ ಹಿಡ್ದು ಕೂರಬಾರ್ದು ಅಂತ. ಬಂಗು ಇದ್ರೆ ಇರ್ಲಿ ಬಿಡು, ಅದೇನು ಊಟ ಕೇಳ್ತದಾ? ನೀನು ಹೋಗ್ದೆ ಉಳಿದ್ರೆ ಮಾತ್ರ ನಾನು ಸಾಯೋವರ್ಗೂ ಆ ನಿಂಬೆಹಣ್ಣು ಮರೆಯಲ್ಲ" ಎಂದರು. ಅವರ ಕಣ್ಣಲ್ಲಿ ನೀರು ಕಂಡದ್ದು ನಾನು ಅದೇ ಮೊದಲು. ಎದ್ದು ಸೀರೆ ಉಟ್ಟೆ.

ಶಿಕಾರಿಪುರದಲ್ಲಿ ದಿಬ್ಬಣ ಬಿಸಿಲೇರಿದ ಮೇಲೆಯೇ ಹೊರಟಿತು. ವಾಲಗ ಮುಂದೆ, ತಮ್ಮ, ಪಕ್ಕದಲ್ಲಿ ಕಳಶ ಹಿಡಿದ ನಾನು, ಹಿಂದೆಯೇ ಅತ್ತೆ, ನನ್ನ ತಲೆಯ ಮೇಲೆ ಮಾವನ ಕೊಡೆ. ಬೀಗಿತ್ತಿ ಎಂದರೆ ಚಾಪೆ ಹಾಸಿ ಕೂರಿಸಿ ಉಪಚಾರ ಮಾಡಬೇಕಾದವರು, ಅವರೇ ನಡುಬೀದಿಯಲ್ಲಿ ಬೆವರಿಳಿಸಿಕೊಂಡು ಸೊಸೆಗೆ ಕೊಡೆ ಹಿಡಿದರೆ? ನನ್ನ ಅವ್ವ ಓಡಿ ಬಂದಳು.

"ಯವ್ವಾ! ಬೀಗ್ತಿ ಕೈಯಾಗ ಕೊಡೆ ಹಿಡಿಸಿದ್ರು ಅಂತ ಜನ ನಮ್ಮ ಮಕಕ್ಕ ಉಗೀತಾರ. ಇಲ್ಲಿ ಕೊಡ್ರೀ!"

"ಬಿಡ್ರೀ ಬೀಗ್ರೆ. ನಮ್ಮನೇಲಿ ಸುಟ್ಟ ಮುಖ, ನಾವೇ ಕಾಯ್ಬೇಕು."

ಬೀದಿಯ ಎರಡೂ ಬದಿ ಜಗಲಿಯ ಮೇಲೆ ನಿಂತಿದ್ದ ಜನ ನೋಡಿದರು. ನನ್ನ ಕೆನ್ನೆಯನ್ನಲ್ಲ ಸ್ವಾಮಿ, ಅತ್ತೆಯನ್ನು! ಕಳಶಗಿತ್ತಿಯ ಮುಖ ಯಾರಿಗೆ ಬೇಕಿತ್ತು? "ಅತ್ತಿ ಅಂದ್ರ ಹಿಂಗಿರಬೇಕು ನೋಡವ್ವಾ" ಎಂದು ಯಾರೋ ಅಂದದ್ದು ಕಿವಿಗೆ ಬಿತ್ತು. ನನಗೆ ಜಂಬ ಬಂತು. ಬಾವಿಯೊಳಗೆ ಬಗ್ಗಿ ನೋಡಿಕೊಳ್ಳುತ್ತಿದ್ದ ದಿನಗಳ ಜಂಬಕ್ಕಿಂತ ದೊಡ್ಡ ಜಂಬ.

ಮಂಟಪದ ಮುಂದೆ ಫೋಟೋದವನು ಮೂರು ಕಾಲಿನ ಕ್ಯಾಮೆರಾ ನಿಲ್ಲಿಸಿದ್ದ. "ಅಮ್ಮಾರೆ, ಕೊಡೆ ಸ್ವಲ್ಪ ಸರಿಸ್ರಿ, ನೆರಳು ಬೀಳ್ತದ" ಎಂದ. "ನೆರಳು ಬೀಳ್ಲಿ ಅಂತ್ಲೇ ಹಿಡಿದಿರೋದು. ಹೊಡಿ ನೀನು" ಎಂದರು ಅತ್ತೆ. ಅವನು ಹೊಡೆದ.

ಇಷ್ಟು ಹೇಳಿ ನಾನು ಪೆಟ್ಟಿಗೆಯಿಂದ ಆ ಫೋಟೋ ತೆಗೆದು ಸಿಂಧುವಿನ ಕೈಗೆ ಕೊಟ್ಟೆ. ಅವಳು ಕಿಟಕಿಯ ಹತ್ತಿರ ಹಿಡಿದು ನೋಡಿದಳು. ತಮ್ಮ ಇದ್ದಾನೆ, ಬಾಸಿಂಗ ಸೊಟ್ಟಗಾಗಿದೆ. ಅಂಚಿನಲ್ಲಿ ಒಂದು ಮೊರ ಮತ್ತು ಒಂದು ಕೈ ಇವೆ. ಕೊಡೆ ಸಿಗಲಿಲ್ಲವೆಂದು ಬೀಗಿತ್ತಿಯ ತಲೆಗೆ ಮೊರವಾದರೂ ಹಿಡಿಯೋಣ ಎಂದು ಓಡಿ ಬರುತ್ತಿದ್ದ ಅವ್ವನದು ಆ ಕೈ. ನಡುವೆ ಅತ್ತೆ, ನೆಟ್ಟಗಿನ ಬಿಸಿಲು ಮುಖದ ಮೇಲೆ ಬಿದ್ದು, ಕಣ್ಣು ಕಿರಿದಾಗಿ, ಹಣೆಯ ಬೆವರೂ ಕಾಣುತ್ತದೆ.

"ನೀನೆಲ್ಲಿ ಅಜ್ಜಿ ಇದ್ರಲ್ಲಿ?"

"ಕೊಡೆ ಕೆಳಗೆ."

ಕೊಡೆಯ ಕೆಳಗೆ ಒಂದು ಕಳಶ ಇದೆ, ಎರಡು ಕೈ ಇವೆ, ಅದರ ಮೇಲೆ ಬರೀ ಕಪ್ಪು ನೆರಳು. ಒಂದು ವರ್ಷ ಯಾವ ಮುಖಕ್ಕಾಗಿ ಅಷ್ಟೆಲ್ಲ ಆಯಿತೋ ಆ ಮುಖ ಫೋಟೋದಲ್ಲಿ ಇಲ್ಲವೇ ಇಲ್ಲ. ಸಿಂಧು ಮೊದಲು ನಕ್ಕಳು. ಆಮೇಲೆ ನಗು ನಿಲ್ಲಿಸಿ, ಫೋಟೋವನ್ನು ಇನ್ನೂ ಹತ್ತಿರ ಹಿಡಿದು ನನ್ನ ಅತ್ತೆಯನ್ನು ನೋಡಿದಳು.

ನಿಂಬೆಹಣ್ಣು ಶರಬತ್ತಿಗೆ ಹೋಯಿತು. ಪಕ್ಕದ ಬೀದಿಯ ಹುಡುಗಿ ಯಾರನ್ನೂ ಕೇಳದೆ ಅಂಗಡಿಯ ಟ್ಯೂಬು ಹಚ್ಚಿಕೊಂಡು ಮುಖವೆಲ್ಲ ಕೆಂಪು ಮಾಡಿಕೊಂಡಿದ್ದಾಳೆ, ಅದೂ ಬೇಡ, ಚರ್ಮದ ಡಾಕ್ಟರ ಹತ್ತಿರವೇ ಹೋಗೋಣ ಎಂದು ನಿನ್ನೆ ಇಬ್ಬರೂ ಹೊರಟೆವು. ಈಗ ಬಿಸಿಲಿಗೆ ಹಚ್ಚುವ ಕ್ರೀಮು ಬರುತ್ತದಂತೆ, ಕೊಡೆಯನ್ನೇ ಅರೆದು ಟ್ಯೂಬಿಗೆ ತುಂಬಿದ ಹಾಗೆ. ಬರಲಿ, ಒಳ್ಳೆಯದೇ. ನಾನಂತೂ ಕೊಡೆ ಬಿಚ್ಚಿ ಅವಳ ತಲೆಯ ಮೇಲೆ ಹಿಡಿದೆ. ಎದುರು ಅಂಗಡಿಯವನು, "ಏನಜ್ಜಿ, ಮಳೆ ಬರ್ತದೇನು?" ಎಂದ.

"ಹಿಡ್ಕಂಡಿರೋಳು ನಾನು, ನಿಂಗೇನು ಕೈ ನೋವಾ?" ಎಂದೆ.

ನಾಲ್ಕು ಹೆಜ್ಜೆಗೆ ನನ್ನ ಕೈ ಸೋತು ಕೊಡೆ ಕೆಳಗಿಳಿಯಿತು. ಸಿಂಧು ಕೊಡೆ ಕಿತ್ತುಕೊಂಡಳು. ಸ್ವಲ್ಪ ದೂರ ಹೋದ ಮೇಲೆ ನನಗೆ ಯಾಕೋ ತಂಪೆನಿಸಿ ತಿರುಗಿ ನೋಡಿದರೆ, ಕೊಡೆ ಪೂರ್ತಿ ನನ್ನ ಕಡೆ ವಾಲಿದೆ, ಬಿಸಿಲು ಅವಳ ಕೆನ್ನೆಯ ಮೇಲಿದೆ. ಅಷ್ಟು ದಿನ ಅತ್ತೆಯ ಕೊಡೆಯ ಕೆಳಗೆ ನಡೆದವಳು ನಾನು, ಒಂದು ದಿನವೂ ಹೀಗೆ ಹಿಂದಕ್ಕೆ ತಿರುಗಿ ಅವರ ಮುಖ ನೋಡಿರಲಿಲ್ಲ.

"ನಿನ್ನ ಕಡೆ ಹಿಡ್ಕೊಳ್ಳೇ" ಎಂದು ಕೊಡೆಯನ್ನು ಅವಳತ್ತ ಎಳೆದೆ. ಅವಳು ನನ್ನತ್ತ ಎಳೆದಳು. ಹಾಗೆ ಎಳೆದಾಡುತ್ತಲೇ ಆಟೋ ಸ್ಟ್ಯಾಂಡಿನವರೆಗೆ ಹೋದೆವು.